ಜಂಬೂದ್ವೀಪದಲ್ಲೇ ಉತ್ತಮ ಚಹಾ

ಗುರುವಾರ, ಪುಣೆ

ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಊರಿಗೆ ಹೋಗುವ ರೈಲು ಮುಂದಿನ ವಾರ. ಪುಣೆಯಲ್ಲಿ ಪುರಾತತ್ತ್ವ ಓದುವ ಕನ್ನಡದ ಹುಡುಗ ಹುಡುಗಿಯರು ನಾವು, ಮೆಸ್ಸಿನಲ್ಲಿ ಒಂದೇ ಟೇಬಲ್ಲಿಗೆ ಕೂರುವವರು. "ಪರೀಕ್ಷೆಯೊಳಗ ಬರ್ದು ಬರ್ದು ಬೆರಳು ಸವದ್ವು. ಅದ್ರಾಗ ಬರ್ದ ಹಳೇ ಜಾಗಾ ಎಲ್ಲಾ ಒಮ್ಮೆ ಕಣ್ಣಿಲೆ ನೋಡಿ ಊರಿಗಿ ಹೋಗಮು" ಎಂದು ಅಣ್ಣ ಅಂದ. ಎರಡನೇ ಮಾತಿಲ್ಲದೆ ಎಲ್ಲರೂ ಚೀಲ ಕಟ್ಟಿದೆವು.

ನಮ್ಮ ಟೇಬಲ್ಲಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಅಣ್ಣ ಕಲಬುರ್ಗಿ ಕಡೆಯವನು, ಪಿಎಚ್‌ಡಿ ಮಾಡುತ್ತಿದ್ದಾನೆ, ಹಾಗಾಗಿ ಎಲ್ಲರಿಗೂ ಅಣ್ಣ. ಬಳ್ಳಾರಿಯವನ ಹೆಸರು ಬೂದಿದಿಬ್ಬ. ನವಶಿಲಾಯುಗದ ದನಗಾಹಿಗಳು ಸೆಗಣಿಯ ರಾಶಿಗೆ ಬೆಂಕಿಯಿಟ್ಟು, ಮತ್ತೆ ರಾಶಿ ಹಾಕಿ, ಮತ್ತೆ ಬೆಂಕಿಯಿಟ್ಟು ಬೆಳೆದ ದಿಬ್ಬಗಳು ಅವನ ಜಿಲ್ಲೆಯ ಕುಡುತಿನಿಯಂಥ ಊರುಗಳಲ್ಲಿವೆ. ಯಾವ ವಿಷಯದ ಪಾಠ ನಡೆದರೂ ಕೊನೆಗೆ ಅವನು ಕೈಯೆತ್ತಿ "ಸರ್, ನಮ್ ಕಡೆ ಬೂದಿದಿಬ್ಬ..." ಎಂದು ಶುರು ಮಾಡುತ್ತಿದ್ದ. ವಿಜಯಪುರದವನು ಪ್ಲಸ್-ಮೈನಸ್. ಇಂಗಾಲ-14ರ ಕಾಲನಿರ್ಣಯದಲ್ಲಿ ಯಾವ ವರ್ಷವನ್ನೂ ಒಂಟಿಯಾಗಿ ಹೇಳುವುದಿಲ್ಲ, ಆಚೆ ಈಚೆ ಇಷ್ಟು ವರ್ಷ ಎಂದು ಸೇರಿಸಿಯೇ ಹೇಳುತ್ತಾರೆ. ಇವನೂ ಹಾಗೆಯೇ: "ಏಳಕ್ಕ ಬರ್ತೀನಿ, ಪ್ಲಸ್ ಮೈನಸ್ ನಲವತ್ತು ನಿಮಿಷ." ಶಿರಸಿಯ ಹುಡುಗಿಯ ಹೆಸರು ಜೋರ್ವೆ. ಅಹಿಲ್ಯಾನಗರ (ಮೊದಲಿನ ಅಹ್ಮದನಗರ) ಜಿಲ್ಲೆಯ ಜೋರ್ವೆ ಎಂಬ ಊರಿನ ಹೆಸರು ಹೊತ್ತ ತಾಮ್ರ-ಶಿಲಾಯುಗದ ಮಡಕೆಗಳು ಎಷ್ಟು ಚೆನ್ನಾಗಿ ಬೆಂದಿರುತ್ತವೆಂದರೆ, ಚೂರನ್ನು ಉಗುರಿನಿಂದ ತಟ್ಟಿದರೆ ಲೋಹದ ದನಿ ಬರುತ್ತದೆ. ಇವಳು ಹಾಸ್ಟೆಲಿನ ಎರಡನೇ ಮಹಡಿಯಲ್ಲಿ ನಕ್ಕರೆ ಗೇಟಿನ ತನಕ ಕೇಳಿಸುತ್ತದೆ.

ಮಂಡ್ಯದಿಂದ ಈ ವರ್ಷವಷ್ಟೇ ಬಂದು ಸೇರಿದವಳು ಮೇಲ್ಪದರ. ಮಣ್ಣಿನ ಪದರಗಳಲ್ಲಿ ಕೆಳಗಿನದು ಹಳೆಯದು, ಎಲ್ಲಕ್ಕೂ ಮೇಲಿನದು ಹೊಸದು. ಹೊಸ ಬ್ಯಾಚಿನವರಿಗೆ ಈ ಹೆಸರು ನಮ್ಮಲ್ಲಿ ರೂಢಿ. ಪಾಪ, ಅವಳು ನಮ್ಮ ಮಾತಿಗೆಲ್ಲ ಸುಮ್ಮನೆ ಮುಗುಳ್ನಗುತ್ತಿದ್ದಳು. ಯಾಕೆ ನಗುತ್ತೇವೆಂದು ಆಗಿನ್ನೂ ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಯೆರವಾಡದ ಡೆಕ್ಕನ್ ಕಾಲೇಜಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. ಈ ಕಲ್ಲಿನ ಕಟ್ಟಡಗಳ ಒಳಗೆ ಕಾಲಿಟ್ಟಾಗೆಲ್ಲ ನನಗೆ ಮೈ ಜುಂ ಎನ್ನುತ್ತದೆ. 1939ರಲ್ಲಿ ಪುರಾತತ್ತ್ವಜ್ಞ ಎಚ್. ಡಿ. ಸಂಕಾಲಿಯಾ ಇಲ್ಲಿ ಸೇರಿದರು. ಇಲ್ಲಿಂದ ಹೊರಟ ಗುಂಪುಗಳು ಬಳ್ಳಾರಿ ಹತ್ತಿರದ ನಮ್ಮ ಸಂಗನಕಲ್ಲನ್ನು ಅಗೆದವು. ಇಲ್ಲಿ ತರಬೇತಾದ ಎಂ. ಎಸ್. ನಾಗರಾಜರಾವ್ 1963-64ರಲ್ಲಿ ತೆಕ್ಕಲಕೋಟೆಯಲ್ಲಿ, ಆಮೇಲೆ ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದರು. ಹಳ್ಳೂರಿನ ಪ್ರಾಣಿಮೂಳೆಗಳಲ್ಲಿ ಕುದುರೆಯದನ್ನು ಗುರುತಿಸಿದವರು ಕೆ. ಆರ್. ಆಲೂರ, ವೃತ್ತಿಯಿಂದ ಪಶುವೈದ್ಯರು. ಕರ್ನಾಟಕದ ಹಳೆಯ ಕಾಲದ ಕಥೆಯ ಎಷ್ಟೋ ಪುಟಗಳು ಪುಣೆಯ ಮೇಜುಗಳ ಮೇಲೆ ಬರೆದಂಥವು. ನಾವು ಇಲ್ಲಿಗೆ ಓದಲು ಬಂದದ್ದು ಪರದೇಶಕ್ಕೆ ಬಂದಂತಲ್ಲ ಎಂದು ನಾನು ಊರಲ್ಲಿ ಎಲ್ಲರಿಗೂ ಹೇಳುತ್ತಿರುತ್ತೇನೆ.

ಇನಾಮಗಾಂವದ ವಸ್ತುಗಳ ಮುಂದೆ ಅಣ್ಣ ಬಹಳ ಹೊತ್ತು ನಿಂತ. ಮರುದಿನ ನಾವು ಹೋಗುವುದು ಅಲ್ಲಿಗೇ. ಮೂರು ಸಾವಿರ ವರ್ಷದ ಹಿಂದೆ ಆ ಊರಿನವರು ಸತ್ತವರನ್ನು ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಮಕ್ಕಳನ್ನಾದರೆ ಎರಡು ಮಡಕೆಗಳಲ್ಲಿಟ್ಟು, ಬಾಯಿಗೆ ಬಾಯಿ ಕೂಡಿಸಿ ಮಲಗಿಸುತ್ತಿದ್ದರು. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ, ಪಾದಗಳನ್ನು ಮಾತ್ರ ಕತ್ತರಿಸಿ ತೆಗೆಯುತ್ತಿದ್ದರು.

"ಪಾದ ಯಾಕಣ್ಣಾ?" ಎಂದು ಕೇಳಿದಳು ಮೇಲ್ಪದರ.

"ಎದ್ದು ಎಲ್ಲಾರ ಹೋಗಬಾರ್ದಂತ ಇರಬೇಕು. ಸತ್ತವ್ರು ಮನ್ಯಾಗೇ ಇರ್ಲಿ ಅಂತ."

"ನಮ್ಮ ಹಾಸ್ಟೆಲ್ಲಲ್ಲೂ ರಾತ್ರಿ ಹತ್ತಾದ ಮೇಲೆ ಹೀಗೇ ಮಾಡಬಹುದು" ಅಂದಳು ಜೋರ್ವೆ. ಕಾವಲಿನವರು ತಿರುಗಿ ನೋಡುವಷ್ಟು ದನಿಯಲ್ಲಿ ನಕ್ಕಳು. ಮೇಲ್ಪದರ ನಗಲಿಲ್ಲ. ಮಗುವಿನ ಮಡಕೆಯ ವಿಷಯ ಅವಳ ಮನಸ್ಸಿನಲ್ಲಿ ಉಳಿದಿತ್ತು. ಅದೂ ಸರಿಯೇ. ಎಲುಬಿನ ಮುಂದೆ ನಿಂತವರಿಗೆ ಮೊದಲು ಬರಬೇಕಾದದ್ದು ಸುಮ್ಮನಿರುವುದು. ನಗು ಆಮೇಲೆ ಬರಲಿ. ನಮ್ಮ ಗುರುಗಳು ಹೇಳಿಕೊಟ್ಟದ್ದೂ ಅದನ್ನೇ.

ಸಂಜೆ ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರಕ್ಕೆ ನಡೆದೆವು. ಊರಿನ ನಟ್ಟನಡುವೆ, ನೆಲಮಟ್ಟದಿಂದ ಕೆಳಗೆ, ಕಪ್ಪು ಬಸಾಲ್ಟನ್ನು ಕೊರೆದು ಮಾಡಿದ 8ನೇ ಶತಮಾನದ ಶಿವಾಲಯ. ಎದುರಿಗೆ ಗುಂಡಗಿನ ನಂದಿಮಂಟಪ, ಅದೂ ಬಂಡೆಯಿಂದಲೇ ಎದ್ದದ್ದು. ಕೆಲಸ ಪೂರ್ತಿ ಮುಗಿದಿಲ್ಲ. ಮಾಡಿಸಿದ ಕಾಲ ನಮ್ಮ ರಾಷ್ಟ್ರಕೂಟರದು. ಈ ಸೀಮೆಯನ್ನು ಪುಣ್ಯವಿಷಯ, ಪುನಕವಿಷಯ ಎಂದು ಕರೆದ 758 ಮತ್ತು 768ರ ತಾಮ್ರಪಟಗಳೂ ಅವರವೇ. ಪುಣೆಯ ಹೆಸರಿನ ಹಳೆಯ ಗುರುತು ಸಿಗುವುದು ಮಾನ್ಯಖೇಟದ ಮನೆತನದ ದಾಖಲೆಯಲ್ಲಿ ಎಂದು ಅಣ್ಣ ಹೇಳುವಾಗ ಅವನ ದನಿ ಏರಿತ್ತು. ಮಳಖೇಡ ಅವನ ಊರಿಗೆ ಹತ್ತಿರ.

ಗುಡಿಯ ತೋಟದ ಮರಗಳ ಕೆಳಗೆ ಕಾಲೇಜಿನ ಜೋಡಿಗಳು ಕೂತಿದ್ದವು. ಬೂದಿದಿಬ್ಬ ಒಂದು ಸುತ್ತು ನೋಡಿ ಬಂದು, "ಎಂಟನೇ ಶತಮಾನದಿಂದ ಇವತ್ತಿನ ತನಕ ಜನವಸತಿ ಎಲ್ಲೂ ತುಂಡಾಗಿಲ್ಲ ನೋಡಣ್ಣ" ಎಂದು ವರದಿ ಒಪ್ಪಿಸಿದ.

ಹೊರಗೆ ಅಮೃತತುಲ್ಯದ ಅಂಗಡಿಯಲ್ಲಿ ಚಹಾ ಬಂತು. ಅಣ್ಣನ ಚೀಲದಲ್ಲಿ ಮುನ್ಸೆಲ್ ಪುಸ್ತಕ ಇತ್ತು. ಅದು ಮಣ್ಣಿನ ಬಣ್ಣ ಗುರುತಿಸುವ ಪುಸ್ತಕ. ಪುಟದ ತುಂಬ ಸಣ್ಣ ಸಣ್ಣ ಬಣ್ಣದ ಬಿಲ್ಲೆಗಳು, ಒಂದೊಂದಕ್ಕೂ ಒಂದು ಸಂಖ್ಯೆ. ಒಬ್ಬ ಕಂದು ಅಂದದ್ದನ್ನು ಇನ್ನೊಬ್ಬ ಕೆಂಪು ಅನ್ನಬಾರದು, ಅದಕ್ಕೆ. ದುಬಾರಿ ಪುಸ್ತಕ, ಅಣ್ಣ ಯಾರ ಕೈಗೂ ಕೊಡುವುದಿಲ್ಲ. ಜೋರ್ವೆ ಪೀಡಿಸಿದ್ದಕ್ಕೆ ತೆರೆದ. ಚಹಾದ ಲೋಟವನ್ನು ಪುಟದಿಂದ ಒಂದು ಗೇಣು ದೂರ ಹಿಡಿದು, ಸೂರ್ಯನ ಬೆಳಕು ಬೀಳುವಂತೆ ತಿರುಗಿಸಿ, ಎಲ್ಲರೂ ಬಗ್ಗಿದೆವು. 7.5 ವೈಆರ್ 5/4 ಎಂದು ಪ್ಲಸ್-ಮೈನಸ್. ಅಲ್ಲ, 6/4, ತಿಳಿಗಂದು, ಎಂದು ಬೂದಿದಿಬ್ಬ. ಜಗಳ ಜೋರಾಯಿತು. ಅಂಗಡಿಯವರು ಹೊರಗೆ ಬಂದು, ಚಹಾದಲ್ಲಿ ಏನಾದರೂ ಬಿದ್ದಿದೆಯೇ ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ತಾವೂ ಪುಟದ ಮೇಲೆ ಬಗ್ಗಿ, ಸ್ವಲ್ಪ ಯೋಚಿಸಿ, 6/4ರ ಬಿಲ್ಲೆಗೆ ಬೆರಳು ತೋರಿಸಿ, ಹಾಲು ಕಡಿಮೆಯಾದರೆ ಪಕ್ಕದ್ದು ಅಂದರು. ದಿನಾ ಅದೇ ಬಣ್ಣ ನೋಡುವ ಕಣ್ಣು. ಅಣ್ಣ ಅವರ ತೀರ್ಪನ್ನೇ ನೋಟ್‌ಬುಕ್ಕಿನಲ್ಲಿ ಬರೆದ.

ಶುಕ್ರವಾರ, ಇನಾಮಗಾಂವ

ಶಿರೂರಿನವರೆಗೆ ಎಸ್‌ಟಿ ಬಸ್ಸು, ಅಲ್ಲಿಂದ ಟಮಟಮ್. ಪ್ಲಸ್-ಮೈನಸ್ ಬಸ್ ಸ್ಟ್ಯಾಂಡಿಗೆ ಬಂದದ್ದು ಮೈನಸ್ ಹತ್ತು ನಿಮಿಷಕ್ಕೆ, ಅಂದರೆ ಬೇಗ. ಮೈನಸ್ ಕಡೆಗೂ ಬರಬಲ್ಲ ಎಂದು ಅವತ್ತು ಸಾಬೀತಾಯಿತು.

ಘೋಡ್ ನದಿಯ ದಂಡೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ದಿಬ್ಬಗಳು. ಅಷ್ಟೇ. ಬೇರೆ ಯಾರೇ ಬಂದರೂ ಏನೂ ಇಲ್ಲ ಎಂದು ವಾಪಸ್ಸು ಹೋಗುವ ಜಾಗ. ಇಲ್ಲಿ 1968ರಿಂದ 1983ರವರೆಗೆ ಸಂಕಾಲಿಯಾ, ಧವಳೀಕರ, ಅನ್ಸಾರಿ ಇವರ ಗುಂಪು ಅಗೆಯಿತು. ಕ್ರಿಸ್ತಪೂರ್ವ 1600ರ ಸುಮಾರಿನಿಂದ 700ರವರೆಗೆ ಇಲ್ಲಿ ಒಕ್ಕಲುತನದ ಊರು ಇತ್ತು. ಅವರು ಬಾರ್ಲಿ ಬೆಳೆದರು, ದನ ಸಾಕಿದರು, ನದಿಯ ನೀರನ್ನು ಕಾಲುವೆಗೆ ತಿರುಗಿಸಿಕೊಂಡರು. ಮೊದಲು ಆಯತಾಕಾರದ ಮನೆಗಳು. ಕೊನೆಯ ಹೊತ್ತಿಗೆ ಮಳೆ ಕಡಿಮೆಯಾಗಿ, ಗುಂಡನೆಯ ಸಣ್ಣ ಗುಡಿಸಲುಗಳು. ಒಂದು ಊರು ಮೆಲ್ಲಗೆ ಬಡವಾದದ್ದು ಪದರ ಪದರವಾಗಿ ಕಾಣುವ ಜಾಗ ದಖ್ಖನಿನಲ್ಲಿ ಹೆಚ್ಚಿಲ್ಲ. ತರಗತಿಯಲ್ಲಿ ಇದು ಒಂದು ಕೋಷ್ಟಕ. ಇಲ್ಲಿ ನಿಂತು ಒಣಗಿದ ಗಾಳಿ ಮುಖಕ್ಕೆ ಹೊಡೆದಾಗ ಆ ಕೋಷ್ಟಕದ ಕೊನೆಯ ಸಾಲು ಅರ್ಥವಾಗುತ್ತದೆ.

ಊರ ನಡುವಿನ ಐದು ಕೋಣೆಯ ಮನೆಯ ಕಥೆ ಅಣ್ಣನಿಗೆ ಬಲು ಇಷ್ಟ. ಆ ಮನೆಗೆ ತನ್ನದೇ ಕಣಜ ಇತ್ತು. ಅಂಗಳದಲ್ಲಿ ನಾಲ್ಕು ಕಾಲಿನ ದೊಡ್ಡ ಮಣ್ಣಿನ ಜಾಡಿ, ಅದರೊಳಗೆ ಚಕ್ಕಳಮಕ್ಕಳ ಹಾಕಿ ಕೂರಿಸಿದ ಗಂಡಸು. ಇವನ ಪಾದ ಕತ್ತರಿಸಿಲ್ಲ.

"ಊರ ಗೌಡ ಇರಬೇಕು. ಗೌಡನ ಕಾಲು ಮುಟ್ಟೋ ಧೈರ್ಯ ಯಾರಿಗೈತಿ?" ಅಂದ ಬೂದಿದಿಬ್ಬ.

"ಜಾಡಿಗೇ ನಾಲ್ಕು ಕಾಲು ಕೊಟ್ಟಿದಾರಲ್ಲ" ಅಂದಳು ಮೇಲ್ಪದರ ಮೆಲ್ಲಗೆ.

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿ ಯೋಚಿಸಿ ಹೇಳಿದ್ದು. ಅಣ್ಣನೂ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ, "ಬರ್ದಿಟ್ಕೋ" ಅಂದ. ಇನ್ನೊಂದು ಮನೆಯ ಮೂಲೆಯಲ್ಲಿ, ನೆಲದ ಕೆಳಗೆ ಸಿಕ್ಕ ಮಣ್ಣಿನ ಪೆಟ್ಟಿಗೆಯ ಕಥೆಯನ್ನೂ ಹೇಳಿದ. ಪೆಟ್ಟಿಗೆಯೊಳಗೆ ಒಂದು ಹೆಣ್ಣುಮೂರ್ತಿ. ಮುಚ್ಚಳದ ಮೇಲೆ ಇನ್ನೊಂದು ಹೆಣ್ಣುಮೂರ್ತಿ, ಇದಕ್ಕೆ ತಲೆಯೇ ಇಲ್ಲ, ಜೊತೆಗೊಂದು ಗೂಳಿ. ಕಡ್ಡಿ ಸಿಕ್ಕಿಸಿದರೆ ತಲೆಯಿಲ್ಲದವಳು ಗೂಳಿಯ ಬೆನ್ನೇರುವಂತೆ ತೂತುಗಳು.

ದಿಬ್ಬದ ಮೇಲಿನ ಚೂರುಗಳನ್ನು ಒಯ್ಯುವಂತಿಲ್ಲ. ಎತ್ತಿ, ನೋಡಿ, ಅಲ್ಲಲ್ಲೇ ಇಡಬೇಕು. ಜೋರ್ವೆ ಒಂದು ಕೆಂಪು ಚೂರನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದಳು. ಠಣ್ ಅಂತು. "ನನ್ ದನಿ" ಅಂದು ಅಲ್ಲೇ ಇಟ್ಟಳು. ಮೇಲ್ಪದರನ ಕೈಗೆ ಬೆರಳುಗಾತ್ರದ ಬಿಳಿ ತುಂಡು ಸಿಕ್ಕಿತು. ಈ ಕಪ್ಪುಮಣ್ಣಿನಲ್ಲಿ ಸುಣ್ಣದ ಗಂಟುಗಳು ಬಹಳ, ದೂರಕ್ಕೆ ಎಲುಬೇ ಅನ್ನಿಸುತ್ತವೆ. ಇದಕ್ಕೊಂದು ಹಳೆಯ ಪರೀಕ್ಷೆ ಇದೆ: ನಾಲಿಗೆಗೆ ತಾಗಿಸುವುದು. ಹಳೆಯ ಎಲುಬಿನಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ಅದು ತೇವ ಹೀರಿ ನಾಲಿಗೆಗೆ ಅಂಟುತ್ತದೆ, ಕಲ್ಲು ಅಂಟುವುದಿಲ್ಲ. ಅವಳು ಹಿಂದೆ ಮುಂದೆ ನೋಡಿದಳು. "ನಂದಿನಿ ಪೇಡೆ ಅಂದ್ಕೊಂಡು ತಾಗಿಸು" ಎಂದು ಪ್ಲಸ್-ಮೈನಸ್ ಧೈರ್ಯ ತುಂಬಿದ. ಕಣ್ಣು ಮುಚ್ಚಿ ತಾಗಿಸಿದಳು.

ಅದೇ ಹೊತ್ತಿಗೆ ಬದುವಿನ ಮೇಲೆ ಒಬ್ಬ ಅಜ್ಜ. ಗಾಂಧಿ ಟೋಪಿ, ಕೈಯಲ್ಲಿ ಕುಡುಗೋಲು. "ಕಾಯ್ ಖಾತೇಸ್ ಗ ಪೋರೀ?" ಏನು ತಿಂತಿದ್ದೀ ಮಗಳೇ ಎಂದು ಗಾಬರಿಯಿಂದ ಕೇಳಿದರು. ಅವಳಿಗೆ ಮರಾಠಿ ಬಾರದು. ನಾಲಿಗೆ ಹೊರಗೆ ಇದ್ದದ್ದರಿಂದ ಕನ್ನಡವೂ ಬರಲಿಲ್ಲ. ಅಣ್ಣ ವಿವರಿಸಿದ. ಅಜ್ಜ ತಲೆಯಾಡಿಸಿ ಗದ್ದೆಗಿಳಿದು ಒಂದು ಹೊರೆ ಕಬ್ಬು ಕಡಿದು ತಂದು ನಮ್ಮ ಮುಂದೆ ಹಾಕಿದರು. ಹಸಿದ ಮಕ್ಕಳು ಕಲ್ಲು ನೆಕ್ಕಬಾರದು ಎಂಬುದು ಅವರ ನಿಲುವು. ವಿವರಣೆಯನ್ನು ಅವರು ನಂಬಲೇ ಇಲ್ಲ.

ಕಬ್ಬು ಸಿಗಿಯುತ್ತ ಕೂತಾಗ ಬೂದಿದಿಬ್ಬ ಬದುವಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಕ್ಕೆಯೊಂದನ್ನು ಕಂಡ. ಏನಿದು ಎಂದು ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿದೆವು. "ಪೂಜಾ ಸಾಮಗ್ರಿ" ಎಂದು ಒಕ್ಕೊರಲಿನಿಂದ ತೀರ್ಮಾನವಾಯಿತು. ಉಪಯೋಗ ತಿಳಿಯದ ವಸ್ತುವಿಗೆಲ್ಲ ವರದಿಗಳಲ್ಲಿ ಬರುವ ಉತ್ತರ ಅದು, ಪುರಾತತ್ತ್ವ ಓದುವವರು ಎಲ್ಲಿದ್ದರೂ ಇದಕ್ಕೆ ನಗುತ್ತಾರೆ. ಅಜ್ಜ ಅದನ್ನು ಕಸಿದುಕೊಂಡು, ಗಾಡಿಯ ನೊಗದ್ದು, ಹೋದ ವರ್ಷದಿಂದ ಹುಡುಕುತ್ತಿದ್ದೆ, ಅಂದರು.

ಮೇಲ್ಪದರನ ತುಂಡು ನಾಲಿಗೆಗೆ ಅಂಟಲಿಲ್ಲ. ಸುಣ್ಣದ ಗಂಟು. ಅವಳಿಗೆ ಬೇಸರವಾಗಲಿಲ್ಲ. ಇನ್ನು ಮೇಲೆ ದೂರದಿಂದಲೇ ಗುರುತಿಸುತ್ತೇನೆ ಅಂದಳು. ನಮ್ಮ ವಿದ್ಯೆಯಲ್ಲಿ ಕಣ್ಣು ಮಾತ್ರ ಸಾಲದು. ಕಿವಿ, ಬೆರಳು, ನಾಲಿಗೆ ಎಲ್ಲವೂ ಓದಬೇಕು. ಹೀಗೆ ಕಲಿತದ್ದನ್ನು ಯಾವ ಪರೀಕ್ಷೆಯೂ ಮರೆಸಲಾರದು.

ಶನಿವಾರ, ಕಾರ್ಲಾ ಮತ್ತು ಭಾಜಾ

ಲೋಣಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿಯಬೇಕು. ರೈಲಿನಲ್ಲಿ ಟಿಕೆಟ್ ಕೇಳುವವರು ಬಂದರು. ಎಲ್ಲರ ಟಿಕೆಟ್ ಪ್ಲಸ್-ಮೈನಸ್‌ನ ಚೀಲದಲ್ಲಿ. ಅವನು ಕೈ ಹಾಕಿ ಕಲಕತೊಡಗಿದ.

"ಕದಡಬ್ಯಾಡ! ಪದರ ಪದರ ತೆಗಿ!" ಎಂದು ಅಣ್ಣ ಕೂಗಿದ.

ಹಾಗಾಗಿ ಉತ್ಖನನ ಕ್ರಮವಾಗಿ ನಡೆಯಿತು. ಮೇಲಿನ ಪದರದಲ್ಲಿ ಟವೆಲ್, ಬಾಕರವಡಿ, ಇವತ್ತಿನ ಟಿಕೆಟ್ಟುಗಳು. ಟಿಕೆಟ್ ಕೇಳುವವರು ನೋಡಿಕೊಂಡು ಹೋದರು, ಆದರೆ ಅಷ್ಟಕ್ಕೆ ನಿಲ್ಲಿಸುವವರು ಯಾರು? ಎರಡನೇ ಪದರದಲ್ಲಿ ಕ್ಲಾಸ್ ನೋಟ್ಸು. ಮೂರನೆಯದರಲ್ಲಿ ದಸರೆಗೆ ಊರಿಗೆ ಹೋದ ಬಸ್ ಟಿಕೆಟ್ಟು, ತಾರೀಖು ಸ್ಪಷ್ಟ. ತಾರೀಖಿರುವ ವಸ್ತು ಸಿಕ್ಕರೆ ಪುರಾತತ್ತ್ವದವರಿಗೆ ಹಬ್ಬ. ಅದರ ಮೇಲಿರುವುದೆಲ್ಲ ಆಮೇಲಿನದು, ಕೆಳಗಿರುವುದೆಲ್ಲ ಅದಕ್ಕಿಂತ ಮೊದಲಿನದು. ಟಿಕೆಟ್ಟಿನ ಕೆಳಗೆ ಸಿಕ್ಕದ್ದು ಒಂದು ಬನ್ನು.

"ದಸರೆಗಿಂತ ಹಳೇದು" ಎಂದು ಬೂದಿದಿಬ್ಬ ಘೋಷಿಸಿದ.

"ನಿನ್ನೆ ತಂದಿದ್ದೋ ಮಾರಾಯ! ಇಲಿ ಬಿಲದೊಳಗ ಮೇಲಿಂದ ಕೆಳಗ ಜಾರೇದ!"

ಇಲಿಬಿಲದ ವಾದ ನಮ್ಮಲ್ಲಿ ಗಂಭೀರವಾದದ್ದು. ಬಿಲದ ದಾರಿಯಲ್ಲಿ ಮೇಲಿನ ಕಾಳು ಕೆಳಗಿನ ಪದರಕ್ಕೆ ಇಳಿದು ಎಷ್ಟೋ ಕಾಲನಿರ್ಣಯಗಳು ತಲೆಕೆಳಗಾಗಿವೆ. ಆದ್ದರಿಂದ ಚೀಲದಲ್ಲಿ ಬಿಲ ತೋರಿಸು ಎಂದು ಅಣ್ಣ ಕೇಳಿದ. ಪ್ಲಸ್-ಮೈನಸ್ ತೋರಿಸಿದ: ಚೀಲದ ಒಳಬಟ್ಟೆ ನಿಜವಾಗಿಯೂ ಹರಿದಿತ್ತು. ಬನ್ನು ಗೆದ್ದಿತು, ಎಲ್ಲರಿಗೂ ಹಂಚಿಯಾಯಿತು. ಎದುರಿನ ಸೀಟಿನ ಅಜ್ಜಿ ಮಾತ್ರ ಬೇಡ ಅಂದರು.

ಕಾರ್ಲಾದ ಮೆಟ್ಟಿಲುಗಳ ಮೇಲೆ ಏಕವೀರಾ ದೇವಿಯ ಭಕ್ತರ ಸಾಲು. ಮೀನುಗಾರರಾದ ಕೋಳಿ ಸಮುದಾಯದವರು, ಆಗ್ರಿ ಸಮುದಾಯದವರು ಮಕ್ಕಳು ಮರಿ ಕಟ್ಟಿಕೊಂಡು ಹಾಡುತ್ತ ಹತ್ತುತ್ತಿದ್ದರು. ಅರ್ಧ ದಾರಿಯಲ್ಲಿ ಲಿಂಬಿ ಶರಬತ್ತು ಮಾರುವ ಹೆಂಗಸು ನಮ್ಮ ಮಾತು ಕೇಳಿ, "ನೀವ್ ಯಾ ಊರವ್ರಬೇ?" ಎಂದು ತಡೆದು ನಿಲ್ಲಿಸಿದಳು. ಜತ್ತ ಕಡೆಯವಳು, ಮನೆಮಾತು ಕನ್ನಡ. ಊರುಗಳ ಹೆಸರೆಲ್ಲ ಕೇಳಿ ಸಂತೋಷಪಟ್ಟಳು.

"ಏನ್ ಓದ್ತೀರಿ ತಮ್ಮಾ?"

"ಹಳೇ ಕಾಲದ್ದು ಆಯಿ. ಅಗದು ತಗೀತೀವಿ" ಅಂದ ಬೂದಿದಿಬ್ಬ.

"ಬಂಗಾರ ಸಿಗತದೇನು?"

"ಇಲ್ಲಬೇ. ಮಡಿಕಿ ಚೂರು."

"ಮಡಿಕಿ ಒಡದ ಚೂರಿಗೆ ಹದಿನೇಳ್ ವರ್ಷ ಸಾಲಿ ಕಲೀಬೇಕೇನು? ನಮ್ ಸೊಸಿ ಕಲೀದನ ದಿನಾ ಒಂದ್ ಒಡೀತಾಳ!"

ನಾವು ನಕ್ಕದ್ದಕ್ಕಿಂತ ಹೆಚ್ಚು ಅವಳೇ ನಕ್ಕಳು. ಆದರೂ ಆ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಬಾರದು ಅನ್ನಿಸಿತು ಜೋರ್ವೆಗೆ. ಅಲ್ಲೇ ಮೆಟ್ಟಿಲ ಮೇಲೆ ಕೂತು, ರಾಜ ಬರೆಸಿದ್ದು ಕಲ್ಲಿನಲ್ಲಿ ಉಳಿಯುತ್ತದೆ, ನಿನ್ನಂಥವಳು ನನ್ನಂಥವಳು ಏನು ಅಟ್ಟು ಉಂಡರು ಎಂಬುದು ಮಡಕೆಯ ಚೂರಿನಲ್ಲಿ ಮಾತ್ರ ಉಳಿಯುತ್ತದೆ ಎಂದು ಹೇಳಿದಳು. ಆಕ್ಷಣ ಆ ಹೆಂಗಸಿನ ಮುಖದಲ್ಲಿದ್ದ ನಗು ಹೋಗಿ ಬೇರೆ ಏನೋ ಬಂತು. "ಹಂಗಾದ್ರ ಕಲೀರಿ" ಅಂದಳು. ಶರಬತ್ತಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇಲ್ಲಿನ ಮಹಾಚೈತ್ಯದ, ಅಂದರೆ ಬೌದ್ಧರ ದೊಡ್ಡ ಪೂಜಾಗುಹೆಯ, ಒಳಗೆ ಹೊಕ್ಕರೆ ಎಂಥವರ ಬಾಯಿಯೂ ಕಟ್ಟುತ್ತದೆ. ಭಾರತದಲ್ಲಿ ಬಂಡೆ ಕೊರೆದು ಮಾಡಿದ ಚೈತ್ಯಗಳಲ್ಲಿ ಎಲ್ಲಕ್ಕೂ ದೊಡ್ಡದು, ಸುಮಾರು 14 ಮೀಟರ್ ಎತ್ತರ. ಕಂಬಗಳ ಸಾಲು, ಕಂಬಗಳ ತಲೆಯ ಮೇಲೆ ಮಂಡಿಯೂರಿದ ಆನೆಗಳು, ಆನೆಗಳ ಮೇಲೆ ಗಂಡು ಹೆಣ್ಣಿನ ಜೋಡಿಗಳು. ಮೇಲೆ ಬಾಗಿದ ಮರದ ತೊಲೆಗಳು. ಎರಡು ಸಾವಿರ ವರ್ಷದ ಹಿಂದೆ ಕೂಡಿಸಿದ ಮರ ಇನ್ನೂ ಅಲ್ಲೇ ಇದೆ. ಕಲ್ಲಿನ ಚಾವಣಿಗೆ ತೊಲೆ ಬೇಕಾಗಿಯೇ ಇರಲಿಲ್ಲ. ಮರದ ಕಟ್ಟಡ ಕಟ್ಟಿ ರೂಢಿಯಾದ ಕೈಗಳು ಕಲ್ಲಿನಲ್ಲೂ ಅದೇ ರೂಪ ಬಯಸಿದವು. ದಾನ ಕೊಟ್ಟವರ, ಕೆಲಸ ಮಾಡಿದವರ ಹೆಸರುಗಳು ಕಂಬಗಳ ಮೇಲೆ, ಬಾಗಿಲಿನ ಬಳಿ ಇವೆ: ಕಂಬ ಕೊಡಿಸಿದ ಧೇನುಕಾಕಟ ಎಂಬ ಊರಿನ ಯವನರು (ಗ್ರೀಕರು ಎನ್ನುತ್ತಾರೆ), ಬಾಗಿಲಿಗೆ ದಾನ ಕೊಟ್ಟ ಗಂಧದ ವ್ಯಾಪಾರಿ, ಬಾಗಿಲು ಮಾಡಿದ ಬಡಗಿ. ಬಡಗಿಯ ಹೆಸರು ಸಾಮಿ. ಒಬ್ಬ ಬಡಗಿಯ ಹೆಸರು ಇಷ್ಟು ಕಾಲ ಉಳಿದದ್ದು ನನಗೆ ಈ ಗುಹೆಯ ದೊಡ್ಡ ಸಂಗತಿ, ಆನೆಗಳಿಗಿಂತ ದೊಡ್ಡದು.

ಮೊಗಸಾಲೆಯ ಎಡತುದಿಯಲ್ಲಿ ಇನ್ನೊಂದು ಶಾಸನ ಇದೆ. ಮೇಲ್ಪದರ ಈ ಸೆಮಿಸ್ಟರಿನಲ್ಲೇ ಹಳೆಯ ಬ್ರಾಹ್ಮೀ ಲಿಪಿ ಕಲಿತವಳು. ನೀನೇ ಓದು ಎಂದು ಅಣ್ಣ ಮುಂದೆ ನಿಲ್ಲಿಸಿದ. ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಒಂದೊಂದೇ ಅಕ್ಷರ ಹಿಡಿದಳು: "ವೇ... ಜ... ಯಂ... ತಿ... ತೋ... ಸೇಠಿನಾ ಭೂತಪಾಲೇನ... ಸೇಲಘರಂ ಪರಿನಿಠಪಿತಂ... ಜಂಬುದಿಪಮ್ಹಿ ಉತಮಂ." ವೈಜಯಂತಿಯಿಂದ ಬಂದ ಶೆಟ್ಟಿ ಭೂತಪಾಲ ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಮುಗಿಸಿದ.

"ವೈಜಯಂತಿ ಅಂದ್ರೆ ಬನವಾಸಿ!" ಜೋರ್ವೆಯ ದನಿಗೆ ಪಾರಿವಾಳಗಳು ಎದ್ದವು. "ನಮ್ಮ ಅಜ್ಜನಮನೆ ದಾರಿ! ನಮ್ಮೂರ ಸಾಹುಕಾರ್ರು ಕಣ್ರೋ ಇದನ್ನ ಮುಗಿಸಿದ್ದು!"

ಎಲ್ಲರಿಗಿಂತ ಹೆಚ್ಚು ಮೇಲ್ಪದರ ನಡುಗುತ್ತಿದ್ದಳು. ತಾನು ಓದಿದ್ದು ಪುಸ್ತಕದ ಫೋಟೋ ಅಲ್ಲ, ಕಲ್ಲು. ಇನ್ನೊಮ್ಮೆ ಓದುತ್ತೇನೆ ಅಂದಳು. ಇನ್ನೊಮ್ಮೆ ಓದಿದಳು. ಹಿಂದೆ ಕೂತಿದ್ದ ಕೋಳಿ ಕುಟುಂಬದವರು ಮಂತ್ರ ಇರಬೇಕೆಂದು ಕೈ ಮುಗಿದರು.

ಭಾಜಾದ ಬೌದ್ಧ ಗುಹೆಗಳಿಗೆ ರೈಲುದಾರಿಯ ಆಚೆ, ಎಕ್ಸ್‌ಪ್ರೆಸ್‌ವೇ ದಾಟಿ ನಡೆಯಬೇಕು. ಹೊತ್ತು ಇಳಿದಿತ್ತು. 14 ಸ್ತೂಪಗಳ ಗುಂಪು ನೋಡಿ, ಎರಡು ವಾದ್ಯಗಳನ್ನು ಒಟ್ಟಿಗೆ ಬಾರಿಸುತ್ತಿರುವ ಹೆಂಗಸಿನ ಶಿಲ್ಪದ ಮುಂದೆ ಸ್ವಲ್ಪ ಹೊತ್ತು ನಿಂತು, ಓಡುತ್ತ ಸ್ಟೇಷನ್ನಿಗೆ ಬಂದೆವು. ಪ್ಲಾಟ್‌ಫಾರಂ ಹೊರಗಿನ ಗಾಡಿಯಲ್ಲಿ ಚಹಾ. ಮೊದಲ ಗುಟುಕಿಗೆ ಬೂದಿದಿಬ್ಬ ಕಣ್ಣು ಮುಚ್ಚಿ "ಜಂಬುದಿಪಮ್ಹಿ ಉತಮಂ" ಅಂದ. ಅವತ್ತಿನಿಂದ ನಮ್ಮಲ್ಲಿ ಯಾವುದನ್ನೂ ಚೆನ್ನಾಗಿದೆ ಅನ್ನುವ ಹಾಗಿಲ್ಲ.

ಭಾನುವಾರ, ನಾಣೇಘಾಟ

ನಸುಕಿನ ಬಸ್ಸಿಗೆ ಜುನ್ನರ್. ಅಲ್ಲಿ ತಿಂದ ಮಿಸಳ್ ಜಂಬುದಿಪಮ್ಹಿ ಉತಮಂ. ಪಕ್ಕದಲ್ಲಿ ಹತ್ತು ಸೆಂಟಿಮೀಟರಿನ ಕಪ್ಪುಬಿಳುಪು ಸ್ಕೇಲ್ ಇಟ್ಟು ಫೋಟೋ ತೆಗೆದೆವು. ಸ್ಕೇಲ್ ಇಲ್ಲದ ಫೋಟೋವನ್ನು ನಮ್ಮ ಅಧ್ಯಾಪಕರು ನೋಡುವುದೇ ಇಲ್ಲ. ಅಲ್ಲಿಂದ ಜೀಪು ಮಾಡಿಕೊಂಡೆವು. ಡ್ರೈವರ್ ಆ ಕಡೆಯ ಹಳ್ಳಿಯವರು, ದಾರಿಯುದ್ದಕ್ಕೂ ನಮ್ಮ ಕನ್ನಡವನ್ನು ಕನ್ನಡಿಯಲ್ಲಿ ನೋಡುತ್ತ ಬಂದರು.

ನಾಣೇಘಾಟ ದಖ್ಖನಿನ ತುಟಿಯಂಚು. ಮುಂದೆ ನೆಲ ಮುಗಿದು ಕೊಂಕಣ ಕೆಳಗೆ ಬಿದ್ದಿದೆ. ಕಡಲ ದಂಡೆಯ ಬಂದರುಗಳಿಂದ ಬಂದ ಸರಕು ಬಂಡೆಯ ಸೀಳಿನಲ್ಲಿ ಹತ್ತಿ ಜುನ್ನರಿಗೆ, ಅಲ್ಲಿಂದ ಶಾತವಾಹನರ ರಾಜಧಾನಿ ಪೈಠಣಕ್ಕೆ. ದಾರಿಯ ತಲೆಯಲ್ಲಿ ಕಲ್ಲಿನ ಹಂಡೆ, ಸುಂಕದ ನಾಣ್ಯ ಹಾಕುತ್ತಿದ್ದದ್ದು ಎನ್ನುತ್ತಾರೆ. ಪ್ಲಸ್-ಮೈನಸ್ ಒಳಗೆ ಇಣುಕಿ, ಚಿಪ್ಸ್ ಪಾಕೀಟು ಹೊರತೆಗೆದು, "ಮೇಲ್ಪದರದ ಸುಂಕ" ಎಂದು ತೋರಿಸಿ, ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಹೊರಡುವ ಮುನ್ನ ನಾವು ಆ ಸುತ್ತಿನ ಕಸವನ್ನೆಲ್ಲ ಹೆಕ್ಕಿದೆವು. ಮುಂದೊಂದು ದಿನ ಯಾರೋ ಅಗೆದು ನಮ್ಮ ಕಾಲವನ್ನು ಚಿಪ್ಸ್ ಯುಗ ಅನ್ನಬಾರದು ಎಂದು ಬೂದಿದಿಬ್ಬ ಕಾರಣ ಕೊಟ್ಟ.

ಗುಹೆಯ ಗೋಡೆಗಳ ಮೇಲೆ ಶಾತವಾಹನ ರಾಣಿ ನಾಗನಿಕಾಳ ದೊಡ್ಡ ಶಾಸನ. ಮಾಡಿಸಿದ ಯಜ್ಞಗಳು, ಕೊಟ್ಟ ದಕ್ಷಿಣೆಗಳು: ಹಸುಗಳು ಇಷ್ಟು, ಕುದುರೆಗಳು ಇಷ್ಟು, ಆನೆ, ಊರು, ಕಾರ್ಷಾಪಣ ನಾಣ್ಯ. ಲೆಕ್ಕ ಇಟ್ಟದ್ದರಿಂದ ಬ್ರಾಹ್ಮೀ ಅಂಕೆಗಳ ಬಹಳ ಹಳೆಯ ಮಾದರಿಗಳು ಇಲ್ಲಿ ಉಳಿದುಕೊಂಡಿವೆ. "ಮದುವಿಮನಿ ಮುಯ್ಯಿ ಪುಸ್ತಕ ಇದ್ದಂಗ ಐತಲ್ಲಣ್ಣ" ಅಂದ ಬೂದಿದಿಬ್ಬ. ಅಣ್ಣ ಬಹಳ ಸಂತೋಷದಿಂದ ಒಪ್ಪಿದ. ಕೊಟ್ಟವರು ಮರೆಯಬಾರದೆಂದು ಬರೆಸಿದ ಪಟ್ಟಿ ಎಂದಮೇಲೆ ಎರಡೂ ಒಂದೇ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ಆ ಉದ್ದದ ಸಾಲುಗಳ ಮುಂದೆ ನಿಂತಾಗ ನನಗೆ ಕಂಡದ್ದು ಒಬ್ಬ ವಿಧವೆ, ಮನೆತನದ ಲೆಕ್ಕವನ್ನೆಲ್ಲ ತನ್ನ ಹೆಸರಿನಲ್ಲಿ ಗೋಡೆಗೇರಿಸಿದವಳು.

ಹಿಂದಿನ ಗೋಡೆಯಲ್ಲಿ ಮನೆತನದವರ ಮೂರ್ತಿಗಳಿದ್ದವು. ಸಿಮುಕ, ನಾಗನಿಕಾ, ಶಾತಕರ್ಣಿ, ರಾಜಕುಮಾರರು, ಮಹಾರಠಿ ಎಂಬ ಬಿರುದಿನ ಒಬ್ಬ ಸರದಾರ. ಮೇಲೆ ಅವರವರ ಹೆಸರುಗಳು ಕೆತ್ತಿದಂತೆಯೇ ಇವೆ. ಮೂರ್ತಿಗಳು ಹೋಗಿವೆ. ಕೆಳಗೆ ಪಾದಗಳ ಗುರುತು ಮಾತ್ರ.

ಅಣ್ಣ ಹೆಸರುಗಳನ್ನು ಓದುತ್ತಿದ್ದ. ಮೇಲ್ಪದರ ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡವನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೂಗಿದಳು:

"ಅಣ್ಣಾ, ಸಿಕ್ತು! ಇನಾಮಗಾಂವದಲ್ಲಿ ಕಳೆದುಹೋದ ಪಾದಗಳೆಲ್ಲ ಇಲ್ಲಿವೆ!"

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಜೋರ್ವೆಯ ನಗು ಘಾಟಿಯ ಎರಡೂ ಗೋಡೆಗಳಿಗೆ ಬಡಿಯಿತು. ಬೂದಿದಿಬ್ಬ ನೆಲಕ್ಕೆ ಕೂತೇಬಿಟ್ಟ. ಅಣ್ಣ ಮುಖ ಗಂಭೀರ ಮಾಡಿಕೊಂಡು, ಪರೀಕ್ಷಕನ ದನಿಯಲ್ಲಿ ಆಕ್ಷೇಪ ಎತ್ತಿದ:

"ಇನಾಮಗಾಂವ ಮುಗಿದದ್ದು ಕ್ರಿಸ್ತಪೂರ್ವ 700. ಇದು ಅದಾದ್ ಮ್ಯಾಲ ಐದಾರ್ ನೂರು ವರ್ಷಕ್ಕ. ನಡುವಿನ ಕಾಲದ ಲೆಕ್ಕ ಹೇಳು."

"ಬರೀ ಪಾದ ಅಲ್ವಾ ಅಣ್ಣಾ, ಘಾಟಿ ಹತ್ತೋಕೆ ಅಷ್ಟು ಹೊತ್ತು ಹಿಡೀತು."

"ಪ್ಲಸ್ ಮೈನಸ್ ನಲವತ್ತು ನಿಮಿಷ" ಎಂದು ಪ್ಲಸ್-ಮೈನಸ್ ಸೇರಿಸಿದ.

ಜೀಪಿನ ಡ್ರೈವರ್ ಗುಹೆಯ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲರೂ ಕಣ್ಣೊರೆಸಿಕೊಳ್ಳುವಷ್ಟು ನಗುವ ಸಂಗತಿ ಇಲ್ಲಿ ಏನಿದೆ, ನನಗೂ ಹೇಳಿ ಅಂದರು. ಅಣ್ಣ ವಾಪಸ್ಸು ದಾರಿಯುದ್ದಕ್ಕೂ ಮರಾಠಿಯಲ್ಲಿ ಹೇಳಿದ: 1968ರಿಂದ ಹಿಡಿದು, ಕಣಜದ ಮನೆ, ನಾಲ್ಕು ಕಾಲಿನ ಜಾಡಿ, ಕತ್ತರಿಸಿದ ಪಾದ, ಗೂಳಿಯ ಮೇಲೆ ಏರುವ ತಲೆಯಿಲ್ಲದ ಮೂರ್ತಿ, ಒಂದನ್ನೂ ಬಿಡದೆ. ಡ್ರೈವರ್ ಗಾಡಿ ನಿಧಾನ ಮಾಡಿ ಕೇಳಿಸಿಕೊಂಡರು. ಜುನ್ನರಿನ ದೀಪಗಳು ಕಾಣುವ ಹೊತ್ತಿಗೆ ಪಾದದ ಮಾತು ಅವರಿಗೂ ತಲುಪಿ, ಸ್ಟಿಯರಿಂಗ್ ತಟ್ಟಿಕೊಂಡು ನಕ್ಕರು. ಆಮೇಲೆ ಒಂದು ಪ್ರಶ್ನೆ ಹಾಕಿದರು: ಪಾದ ಇಲ್ಲಿ ಸಿಕ್ಕವು ಸರಿ, ಆ ದೇವಿಯ ತಲೆ ಎಲ್ಲಿ?

"ಅದು ಇವಳ ಪಿಎಚ್‌ಡಿ" ಅಂದ ಅಣ್ಣ, ಹಿಂದಿನ ಸೀಟಿಗೆ ತಿರುಗಿ.